ಮೈಕಿನೊಳಗಿನ ಅಮ್ಮ

ಆ ಮನೆಯ ಅಡುಗೆಕೋಣೆಯ ಕಿಟಕಿ ತೆರೆದರೆ ಬಸ್ ನಿಲ್ದಾಣದ ಹಿಂಬದಿ ಕಾಣುತ್ತದೆ. ತಗಡಿನ ಚಾವಣಿ, ಅದರ ಮೇಲೆ ಪಾರಿವಾಳಗಳ ಹಿಕ್ಕೆ, ಹೊಗೆ ಹಿಡಿದು ಕಪ್ಪಾದ ಗೋಡೆ, ಗೋಡೆಯ ತುದಿಯಲ್ಲಿ ಬೂದು ಬಣ್ಣದ ಒಂದು ಸ್ಪೀಕರ್. ಅದರ ಬಾಯಿ ನಿಲ್ದಾಣದ ಕಡೆಗಿರಬೇಕಿತ್ತು. ಯಾವುದೋ ಗಾಳಿಗೆ ಮೊಳೆ ಸಡಿಲವಾಗಿ ಈ ಕಡೆ ತಿರುಗಿದೆ. ಸರಿಮಾಡಲು ಯಾರೂ ಏಣಿ ಹತ್ತಿಲ್ಲ.

ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಅದರಿಂದ ಒಂದು ಹೆಣ್ಣು ದನಿ ಹೊರಡುತ್ತದೆ. ಪ್ರಯಾಣಿಕರು ದಯವಿಟ್ಟು ಗಮನಿಸಿ ಎನ್ನುತ್ತದೆ. ಯಾವ ಊರಿನ ಬಸ್ಸು ಯಾವ ಪ್ಲಾಟ್‌ಫಾರಂನಿಂದ ಹೊರಡಲಿದೆ ಎಂದು ಹೇಳುತ್ತದೆ. ಬಸ್ಸು ತಡವಾದರೆ ವಿಷಾದಿಸುತ್ತದೆ. ಅವಸರವಿಲ್ಲದ, ಸಿಟ್ಟಿಲ್ಲದ, ಒಂದಿಷ್ಟು ನಗು ಬೆರೆತ ದನಿ.

ಕಿಟಕಿಯ ಈಚೆ ನಿಂತು, ಸೀದುಹೋದ ಹಾಲಿನ ಪಾತ್ರೆಯ ತಳ ಕೆರೆಯುತ್ತಿರುವ ಹೆಂಗಸಿನದು ಆ ದನಿ.

ಮದುವೆಗೆ ಮುಂಚಿನಿಂದ ಹಿಡಿದು ಮಗಳು ಹುಟ್ಟುವ ತನಕ ಆಕೆ ಆ ನಿಲ್ದಾಣದಲ್ಲಿ ಬಸ್ಸುಗಳ ಹೊರಡುವಿಕೆಯನ್ನು ಮೈಕಿನಲ್ಲಿ ಹೇಳುವ ಕೆಲಸ ಮಾಡಿದಳು. ಚಾಲಕರು, ನಿರ್ವಾಹಕರು ಎಲ್ಲರಿಗೂ ಆಕೆ ‘ಮೈಕ್ ಮೇಡಂ’. ಕೆಲಸ ಕಲಿಸಿದ ಹಿರಿಯ ಹೆಂಗಸು ಮೊದಲ ದಿನವೇ ಹೇಳಿದ್ದು ಒಂದೇ ಮಾತು: ಮೈಕ್ ಹಾಕಿದ ಕೂಡಲೇ ನಗು ತಂದುಕೋ, ನಿನ್ನನ್ನು ಯಾರೂ ನೋಡುತ್ತಿರುವುದಿಲ್ಲ, ಆದರೂ ನಗು, ಅದು ಕೇಳಿಸುತ್ತದೆ. ಬೆಳಿಗ್ಗೆ ಮನೆಯಲ್ಲಿ ಜಗಳವಾಡಿ ಬಂದಿದ್ದರೂ, ಹಲ್ಲು ನೋಯುತ್ತಿದ್ದರೂ, ಆಕೆ ಖಾಲಿ ಗೋಡೆಯನ್ನು ನೋಡಿ ನಗುತ್ತ ಊರುಗಳ ಹೆಸರು ಹೇಳಿದಳು.

ಏಳು ತಿಂಗಳ ಬಸುರಿಯಾಗಿದ್ದಾಗ ಕಚೇರಿಯವರು ಯಂತ್ರ ತಂದರು. ಇನ್ನು ಮೈಕಿನ ಮುಂದೆ ಮನುಷ್ಯರು ಕೂರಬೇಕಾಗಿಲ್ಲ, ದನಿಯನ್ನು ತುಂಬಿಸಿಟ್ಟರೆ ಸಾಕು ಎಂದರು. ಉಗ್ರಾಣದ ಪಕ್ಕದ ಕೋಣೆಯ ಗೋಡೆಗಳಿಗೆ ಹಳೆಯ ಹಾಸಿಗೆಗಳನ್ನು ಹೊಡೆದು, ಸದ್ದು ಒಳಬಾರದಂತೆ ಮಾಡಿ, ಆಕೆಯನ್ನು ಕೂರಿಸಿದರು. ಮಾತುಗಳನ್ನು ಬಿಡಿಬಿಡಿಯಾಗಿ ಹೇಳಿಸಿದರು. ಮೊದಲು ಊರುಗಳು, ಆಮೇಲೆ ಅಂಕಿಗಳು. ಒಂದೊಂದು ಅಂಕಿಯನ್ನೂ ಎರಡು ಬಗೆಯಲ್ಲಿ ಹೇಳಬೇಕು. ವಾಕ್ಯದ ನಡುವೆ ಬರುವುದಾದರೆ ದನಿ ತುಸು ಎತ್ತಿ ನಿಲ್ಲಿಸಬೇಕು, ಕೊನೆಗೆ ಬರುವುದಾದರೆ ಇಳಿಸಬೇಕು. ಹೊಟ್ಟೆಯಲ್ಲಿದ್ದದ್ದು ನಡುನಡುವೆ ಒದೆಯುತ್ತಿತ್ತು, ಉಸಿರು ತಪ್ಪುತ್ತಿತ್ತು, ಮತ್ತೆ ಮೊದಲಿಂದ ಹೇಳಬೇಕಾಗುತ್ತಿತ್ತು. ಅಂಕಿ ಮುಗಿದ ಮೇಲೆ ಬಣ್ಣಗಳನ್ನು ಹೇಳಿ ಎಂದ ಯಂತ್ರದವನು.

‘ಬಸ್ಸಿಗೆ ಬಣ್ಣ ಯಾಕೆ?’

‘ಬಸ್ಸಿಗಲ್ಲ ಮೇಡಂ, ಮಕ್ಕಳಿಗೆ. ಕಳೆದುಹೋದ ಮಗು ಸಿಕ್ರೆ ಯಾವ ಬಣ್ಣದ ಅಂಗಿ ಅಂತ ಹೇಳಬೇಕಲ್ಲ.’

ಆಕೆ ಕೆಂಪು ಎಂದಳು, ನೀಲಿ ಎಂದಳು, ಹಸಿರು, ಹಳದಿ ಎಂದಳು. ಗಂಡು ಮಗು ಎಂದಳು, ಹೆಣ್ಣು ಮಗು ಎಂದಳು. ಎಲ್ಲವನ್ನೂ ನಗುತ್ತಲೇ.

ಆ ತುಣುಕುಗಳನ್ನು ಯಂತ್ರ ಬೇಕಾದಂತೆ ಪೋಣಿಸಿಕೊಳ್ಳುತ್ತದೆ. ಆಕೆ ಎಂದೂ ಆಡದ ವಾಕ್ಯಗಳನ್ನು ಆಕೆಯ ದನಿ ಇವತ್ತಿಗೂ ಆಡುತ್ತಿದೆ.

ಕೆಲಸ ಬಿಡು ಎಂದು ಯಾರೂ ಬಲವಂತ ಮಾಡಲಿಲ್ಲ. ಇದನ್ನು ಆಕೆ ಕೇಳಿದವರಿಗೆಲ್ಲ ಸ್ಪಷ್ಟವಾಗಿ ಹೇಳುತ್ತಾಳೆ. ಮೈಕಿನ ಮುಂದೆ ಕೂರುವ ಕೆಲಸ ಹೇಗೂ ಹೋಗಿತ್ತು. ಬೇರೆ ಕೆಲಸ ಕೊಡುತ್ತೇವೆ ಎಂದಿದ್ದರು. ಗಂಡ ಲಿಫ್ಟ್ ಮೆಕ್ಯಾನಿಕ್, ದಿನವೆಲ್ಲ ಯಾವುದೋ ಕಟ್ಟಡದ ಬಾವಿಯಂಥ ಸಂದಿಯಲ್ಲಿ ತೂಗಿಕೊಂಡಿರುವವನು. ಮಗುವನ್ನು ನೋಡಿಕೊಳ್ಳುವ ಹಿರಿಯರು ಮನೆಯಲ್ಲಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಮಗುವನ್ನು ಬಿಟ್ಟು ಹೊರಗೆ ಹೋಗುವ ಮನಸ್ಸೇ ಆಕೆಗೆ ಬರಲಿಲ್ಲ. ಹುಟ್ಟಿದಾಗ ಹಿಡಿಯಷ್ಟಿದ್ದು, ಇಡೀ ವಾರ್ಡಿಗೆ ಕೇಳುವಂತೆ ಕಿರುಚಿದ್ದರಿಂದ ಗಂಡ ಅದಕ್ಕೆ ‘ಮೆಣಸು’ ಎಂದು ಹೆಸರಿಟ್ಟ. ಕಾಗದದ ಮೇಲಿನ ಹೆಸರು ಬೇರೆ ಇದೆ. ಆ ಹೆಸರಿನಿಂದ ಕರೆದರೆ ಅವಳು ತಿರುಗಿ ನೋಡುವುದಿಲ್ಲ.

ಈಗ ಮೆಣಸಿಗೆ ನಾಲ್ಕು ವರ್ಷ.

ಮೂರನೇ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಸಂತೋಷಗಳಿಗೆ ಬರವಿಲ್ಲ. ಸ್ನಾನ ಮುಗಿದ ಮೇಲೆ ಟವೆಲಿನಲ್ಲಿ ಸುತ್ತಿ ಮೂಗು ಮಾತ್ರ ಹೊರಗೆ ಬಿಟ್ಟು ಎತ್ತಿಕೊಂಡರೆ ಮೆಣಸು ಪಾರ್ಸೆಲ್ ಆಗುತ್ತಾಳೆ.

‘ಪಾರ್ಸೆಲ್ ಬಂದಿದೆ. ಯಾರದಪ್ಪಾ ಇದು?’

ಟವೆಲಿನೊಳಗೆ ಕಿಸಿಕಿಸಿ.

‘ಅಡ್ರೆಸ್ಸೇ ಇಲ್ವಲ್ಲ. ವಾಪಸ್ ಕಳಿಸಿಬಿಡೋಣ.’

‘ಬೇಡಾ! ನಂದೇ, ನಂದೇ ಪಾರ್ಸೆಲ್ಲು!’

ಮಧ್ಯಾಹ್ನ ಅವಳು ತಾಯಿಯ ಕಿರುಬೆರಳು ಹಿಡಿದುಕೊಂಡು ನಿದ್ದೆ ಹೋಗುತ್ತಾಳೆ. ಆಕೆ ಕಾಲು ಜೋಮು ಹಿಡಿದರೂ ಅಲುಗಾಡದೆ ಕೂತು, ಅವಳ ನೆತ್ತಿಯ ವಾಸನೆ ತೆಗೆದುಕೊಳ್ಳುತ್ತ, ಒಗೆಯದ ಬಟ್ಟೆಯ ಗುಡ್ಡೆಯನ್ನು ನೋಡುತ್ತಿರುತ್ತಾಳೆ. ಆ ಹೊತ್ತನ್ನು ಆಕೆ ಯಾವುದಕ್ಕೂ ಬಿಟ್ಟುಕೊಡಲಾರಳು.

ಉಳಿದ ಹೊತ್ತು ಬೇರೆ. ಇಳಿ. ಬಾಯಿ ತೆಗಿ. ನುಂಗು. ಅದನ್ನ ಬಾಯಿಗೆ ಹಾಕಬೇಡ. ಉಗುಳು. ಯಾರು ಚೆಲ್ಲಿದ್ದು? ನೋಡು, ನಾನು ಸುಮ್ಮನಿದೀನಿ ಅಂತ ತಲೆ ಮೇಲೆ ಕೂತ್ಕೋಬೇಡ. ಇವು ಆಕೆಯ ದಿನದ ಮಾತುಗಳು. ಇವುಗಳಿಗೆ ನಗು ಬೇಕಾಗುವುದಿಲ್ಲ. ಸಂಜೆ ಗಂಡ ಬರುವವರೆಗೆ ದೊಡ್ಡವರೊಬ್ಬರ ಜೊತೆ ಆಕೆ ಆಡುವ ಮಾತೆಂದರೆ ಕೆಳಮನೆಯ ಟೈಲರಮ್ಮನ ಜೊತೆ ಮೆಟ್ಟಿಲ ಮೇಲೆ ಆಡುವಷ್ಟೇ. ನಾಲ್ಕು ವರ್ಷ ಕೂಗಿ ಕೂಗಿ ಗಂಟಲು ಒರಟಾಯಿತು. ಬೆಚ್ಚಗಿನ ನೀರು ಕುಡಿದು, ತಣ್ಣಗಿನದು ಮುಟ್ಟದೆ ಕಾಪಾಡಿಕೊಂಡಿದ್ದ ಗಂಟಲು ಅದು. ಈಗ ಆಕೆ ಮೆಣಸು ಬಿಟ್ಟ ಅನ್ನವನ್ನು ನಿಂತಲ್ಲೇ ತಿಂದು, ಫ್ರಿಜ್ಜಿನ ನೀರನ್ನು ಬಾಟಲಿಯಿಂದಲೇ ಕುಡಿಯುತ್ತಾಳೆ.

ಶುರುವಾದದ್ದು ಒಂದು ತುತ್ತಿನಿಂದ. ಮೆಣಸಿಗೆ ಇನ್ನೂ ಎರಡು ತುಂಬಿರಲಿಲ್ಲ. ಬಾಯಿ ಬಿಗಿಹಿಡಿದು ಕೂತಿದ್ದಳು. ಹೊರಗೆ ಸ್ಪೀಕರ್ ಮಾತಾಡಿತು. ಮಗು ಕತ್ತೆತ್ತಿ, ಕಿಟಕಿಯ ಕಡೆ ಬೆರಳು ತೋರಿಸಿ ‘ಅಮ್ಮ’ ಎಂದಿತು. ಆಕೆಗೆ ನಗು ಬಂತು. ಖುಷಿಯೂ ಆಯಿತು. ನೂರಾರು ಜನ ದಿನಾ ಕೇಳಿಯೂ ಗುರುತಿಸದ ದನಿಯನ್ನು ತನ್ನ ಮಗು ಗುರುತಿಸಿತಲ್ಲ ಎಂದು.

‘ಹೂಂ, ಆ ಅಮ್ಮ. ಏನು ಹೇಳಿದ್ಲು ಕೇಳಿಸ್ತಾ? ಜಾಣಮರಿ ಊಟ ಮುಗಿಸ್ಲಿ ಅಂದ್ಲು.’

ಬಾಯಿ ತೆರೆಯಿತು.

ಅಂದಿನಿಂದ ಸ್ಪೀಕರ್ ಆ ಮನೆಯ ಕೆಲಸಕ್ಕೆ ಸೇರಿತು. ಆ ಅಮ್ಮ ಹಲ್ಲುಜ್ಜು ಅಂದಳು. ಆ ಅಮ್ಮ ಮಲಗು ಅಂದಳು. ಒಬ್ಬರೇ ಮಕ್ಕಳನ್ನು ಸಂಭಾಳಿಸುವವರು ಕೈಗೆ ಸಿಕ್ಕಿದ್ದನ್ನು ಬಳಸಿಕೊಳ್ಳುತ್ತಾರೆ. ಕೆಲವರು ಟೀವಿ ಹಚ್ಚುತ್ತಾರೆ, ಕೆಲವರು ಗುಮ್ಮನನ್ನು ಕರೆಯುತ್ತಾರೆ. ಆಕೆಯ ಕೈಗೆ ಸಿಕ್ಕಿದ್ದು ತನ್ನದೇ ದನಿ. ಅದು ಎದುರಾಡುವುದಿಲ್ಲ, ದಣಿಯುವುದಿಲ್ಲ, ಕರೆಯದಿದ್ದರೂ ಆಗಾಗ ಬಂದು ಹೋಗುತ್ತದೆ.

ಮೂರು ತುಂಬುವ ಹೊತ್ತಿಗೆ ಮೆಣಸು ಕಿಟಕಿಯ ಕೆಳಗೆ ಪ್ಲಾಸ್ಟಿಕ್ ಸ್ಟೂಲು ಎಳೆದುಕೊಂಡು ನಿಲ್ಲುವುದು ಕಲಿತಳು. ಸರಳುಗಳ ನಡುವೆ ಮುಖ ತುರುಕಿ ವರದಿ ಒಪ್ಪಿಸತೊಡಗಿದಳು. ಇವತ್ತು ನಾನು ಇರುವೆ ನೋಡಿದೆ. ಅಪ್ಪನ ಬೂಟು ನಾತ. ಒಂದು ದಿನ, ಗೋಡೆಯ ಮೇಲೆ ಗೀಚಿದ್ದಕ್ಕೆ ತೊಡೆಯ ಮೇಲೆ ಏಟು ಬಿದ್ದಾಗ ಅಳುತ್ತ ಸ್ಟೂಲು ಹತ್ತಿದಳು.

‘ಆ ಅಮ್ಮಾ, ಈ ಅಮ್ಮ ನಂಗೆ ಹೊಡೆದ್ಲು.’

ಹೇಳಿ ಕಾದಳು. ಸ್ವಲ್ಪ ಹೊತ್ತಿಗೆ ಸ್ಪೀಕರ್, ಯಾವುದೋ ಊರಿನ ಬಸ್ಸು ತಡವಾಗಿ ಬರಲಿದೆ, ವಿಷಾದಿಸುತ್ತೇವೆ ಎಂದಿತು.

‘ವಿಷಾದಿಸುತ್ತೇವೆ ಅಂದ್ರೆ?’

‘ಬೇಜಾರಾಯ್ತು ಅಂತ’ ಎಂದಳು ತಾಯಿ, ಗೋಡೆ ಒರೆಸುತ್ತ.

ಮೆಣಸು ತಿರುಗಿ ನೋಡಿದಳು. ‘ಆ ಅಮ್ಮಂಗೆ ಬೇಜಾರಾಯ್ತಂತೆ. ನಿಂಗೆ ಆಗ್ಲಿಲ್ವಾ?’

ರಾತ್ರಿ ಊಟದ ಹೊತ್ತಿಗೆ ಆಕೆ ಇದನ್ನು ಗಂಡನಿಗೆ ಹೇಳಿದಳು. ಅವನು ತಟ್ಟೆಯಿಂದ ತಲೆ ಎತ್ತದೆ ನಕ್ಕ.

‘ಒಂದೇ ಮದುವೆಗೆ ಇಬ್ರು ಹೆಂಡ್ತಿರು ಸಿಕ್ಕಂಗಾಯ್ತು ಬಿಡು. ಅದರಲ್ಲಿ ಒಬ್ಳು ದಯವಿಟ್ಟು ಅಂತಾಳೆ.’

‘ತಮಾಷೆ ಅಲ್ಲ ರೀ. ಅವಳು ನಿಜವಾಗ್ಲೂ ಬೇರೆ ಯಾರೋ ಇದಾರೆ ಅಂದ್ಕೊಂಡಿದಾಳೆ.’

‘ಮಕ್ಕಳು ಕಣೇ. ನಾನು ಲಿಫ್ಟ್ ಒಳಗೆ ಕೂತು ಕೈಯಲ್ಲಿ ಎಳೀತೀನಿ ಅಂದ್ಕೊಂಡಿದಾಳೆ. ನಾನೇನು ತಲೆ ಕೆಡಿಸ್ಕೊಂಡಿದೀನಾ?’

ಮರುದಿನ ಆಕೆ ಮೆಣಸನ್ನು ತೊಡೆಯ ಮೇಲೆ ಕೂರಿಸಿಕೊಂಡು ನಿಜ ಹೇಳಿದಳು. ಅದು ನಾನೇ. ಮುಂಚೆ ಅಲ್ಲಿ ಕೆಲಸ ಮಾಡುತ್ತಿದ್ದೆ, ನನ್ನ ದನಿಯನ್ನು ಡಬ್ಬದಲ್ಲಿ ಹಾಕಿಟ್ಟಿದ್ದಾರೆ.

‘ನೀನು ಇಲ್ಲೇ ಇದೀಯಲ್ಲ.’

‘ದನಿ ಮಾತ್ರ ಅಲ್ಲಿದೆ.’

‘ಹಂಗಾದ್ರೆ ಮಾಡು. ಆ ಅಮ್ಮನ ಥರ ಮಾಡು.’

ಆಕೆ ಗಂಟಲು ಸರಿಮಾಡಿಕೊಂಡು ಪ್ರಯಾಣಿಕರು ದಯವಿಟ್ಟು ಎಂದಳು. ದಯವಿಟ್ಟು ಎನ್ನುವಲ್ಲಿ ದನಿ ಒಡೆಯಿತು. ಮತ್ತೆ ಹೇಳಿದಳು. ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು, ಕಣ್ಣು ಆ ಕಡೆ ಹೋಯಿತು. ಮೆಣಸು ಚಪ್ಪಾಳೆ ತಟ್ಟಿ ನಕ್ಕಳು.

‘ನಿಂಗೆ ಬರಲ್ಲ! ನಿಂಗೆ ಬರಲ್ಲ!’

ಆಮೇಲೆ ಆಕೆ ಮತ್ತೆ ಪ್ರಯತ್ನಿಸಲಿಲ್ಲ. ಆದರೆ ಒಂದು ದೃಶ್ಯ ಆಕೆಯನ್ನು ಬಿಡಲಿಲ್ಲ. ಒಗೆಯುವ ಬಟ್ಟೆಯ ಬಕೆಟ್ಟು ಹಿಡಿದು ಕೋಣೆಯಿಂದ ಬರುವಾಗ, ಸ್ಟೂಲಿನ ಮೇಲೆ ನಿಂತ ಪುಟ್ಟ ಬೆನ್ನು ಕಾಣುತ್ತಿತ್ತು. ಹೊರಗಿನಿಂದ ಅಮ್ಮನ ದನಿ ಬರುತ್ತಿತ್ತು. ಮಗು ಅದಕ್ಕೆ ಹೂಂಗುಟ್ಟುತ್ತಿತ್ತು. ತಾನು ಸತ್ತುಹೋದರೆ ಈ ಮನೆ ಹೀಗೇ ಇರುತ್ತದೆ ಎಂದು ಆಕೆಗೆ ಅನ್ನಿಸಿತು. ತಾಯಿಯಿಲ್ಲದ ತನ್ನ ಮಗುವನ್ನು ಆಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಕೆಟ್ಟು ಕೆಳಗಿಟ್ಟು ಸದ್ದು ಮಾಡಿದರೂ ಬೆನ್ನು ತಿರುಗುತ್ತಿರಲಿಲ್ಲ.

‘ನಿನ್ನ ದನಿ ಮೇಲೆ ನೀನೇ ಹೊಟ್ಟೆಕಿಚ್ಚು ಪಡ್ತೀಯಲ್ಲಮ್ಮ’ ಎಂದಳು ಟೈಲರಮ್ಮ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. ಅವಳು ಐವತ್ತು ದಾಟಿದವಳು, ಮಂಡಿನೋವಿನವಳು, ಮೆಣಸಿನ ಅಂಗಿಗಳನ್ನೆಲ್ಲ ಉಳಿದ ಬಟ್ಟೆಯಲ್ಲಿ ಹೊಲಿದುಕೊಡುವವಳು. ‘ನಂಗೆ ಅಂಥ ಸವತಿ ಇದ್ದಿದ್ರೆ ಮಕ್ಕಳನ್ನ ಅವಳ ಹತ್ರ ಬಿಟ್ಟು ಕಾಲು ಚಾಚಿ ಮಲಗ್ತಿದ್ದೆ.’

ಆಕೆ ಕಿಟಕಿ ಮುಚ್ಚಿದಳು. ಸೆಕೆಗೆ ತೆರೆಯಬೇಕಾಯಿತು. ಸ್ಪೀಕರ್ ಶುರುವಾದಾಗ ನಲ್ಲಿ ಜೋರಾಗಿ ಬಿಟ್ಟಳು, ಪಾತ್ರೆ ಕುಕ್ಕಿದಳು. ಕ್ರಮೇಣ ಅದೂ ಬೇಕಾಗಲಿಲ್ಲ. ರೈಲು ಹಳಿಯ ಪಕ್ಕದ ಮನೆಯವರಿಗೆ ರೈಲು ಕೇಳಿಸದ ಹಾಗೆ ಆಕೆಯ ಕಿವಿ ಆ ಒಂದು ದನಿಯನ್ನು ಬಿಟ್ಟು ಉಳಿದುದನ್ನೆಲ್ಲ ಕೇಳುವುದು ಕಲಿತುಕೊಂಡಿತು. ತಳ್ಳುಗಾಡಿಯವನ ಕೂಗು ಕೇಳುತ್ತಿತ್ತು, ಟೈಲರಮ್ಮನ ಮಿಷನ್ನಿನ ಸದ್ದು ಕೇಳುತ್ತಿತ್ತು. ತನ್ನ ದನಿ ಮಾತ್ರ ಕೇಳುತ್ತಿರಲಿಲ್ಲ. ಇದರಿಂದ ಆಕೆಗೆ ನೆಮ್ಮದಿಯಾಯಿತು.

ಆ ದಿನ ಬೆಳಿಗ್ಗೆ ಮೆಣಸು ಅಪ್ಪನ ಕಾಲುಚೀಲಗಳನ್ನು ಕುಡಿಯುವ ನೀರಿನ ಪಾತ್ರೆಯಲ್ಲಿ ನೆನೆಹಾಕಿದಳು. ಅಮ್ಮನಿಗೆ ಸಹಾಯ ಮಾಡಿದ್ದು. ಆಕೆಗೆ ಹಿಂದಿನ ದಿನದಿಂದ ಸಣ್ಣಗೆ ಜ್ವರ. ನಲ್ಲಿಯಲ್ಲಿ ಮತ್ತೆ ಕುಡಿಯುವ ನೀರು ಬರುವುದು ಸಂಜೆಗೆ. ಆಕೆ ಪಾತ್ರೆಯನ್ನು ಬಗ್ಗಿಸಿದಳು, ಮೆಣಸಿನ ರಟ್ಟೆ ಹಿಡಿದು ಅಲ್ಲಾಡಿಸಿದಳು. ಮೆಣಸು ಅಳಲಿಲ್ಲ. ಕೈ ಬಿಡಿಸಿಕೊಂಡು ಸ್ಟೂಲಿನ ಕಡೆ ಹೊರಟಳು.

‘ಹೋಗು. ಹೇಳು ಹೋಗು ಅವಳಿಗೆ. ಅವಳ ಹತ್ರಾನೇ ಹೋಗಿ ಇರು.’

ಇಷ್ಟು ಹೇಳಿ ಆಕೆ ಬಕೆಟ್ಟು ಎತ್ತಿಕೊಂಡು ತಾರಸಿಗೆ ಹೋದಳು. ಒಗೆಯುವ ಕಲ್ಲು ಅಲ್ಲಿದೆ. ತಾಯಿ ತಾರಸಿಗೆ ಹೋದಾಗಲೆಲ್ಲ ಮೆಣಸು ಕೆಳಮನೆಗೆ ಇಳಿದು, ಟೈಲರಮ್ಮನ ಮಿಷನ್ನಿನ ಅಡಿಯಲ್ಲಿ ಚಿಂದಿ ಆರಿಸುತ್ತ ಕೂರುವುದು ರೂಢಿ. ಆಕೆ ಒಗೆದಳು, ಹಿಂಡಿದಳು, ಹಗ್ಗಕ್ಕೆ ಹರವಿದಳು. ತಾರಸಿಗೂ ಸ್ಪೀಕರಿಗೂ ನಡುವೆ ಗಾಳಿಯಲ್ಲದೆ ಇನ್ನೇನೂ ಇಲ್ಲ. ಹೊದಿಕೆಯ ಎರಡು ತುದಿ ಹಿಡಿದು ಕೊಡವುತ್ತಿದ್ದಾಗ ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ಟೈಲರಮ್ಮ ಮಂಡಿ ಹಿಡಿದುಕೊಂಡು ಅಷ್ಟೂ ಮೆಟ್ಟಿಲು ಹತ್ತಿ ಬಂದಿದ್ದಳು.

‘ನಿನ್ನ ಕಿವಿಗೇನಾಗಿದೆ? ಆಗಿನಿಂದ ಬಡ್ಕೋತಿದೆ!’

‘ಏನು ಬಡ್ಕೋತಿದೆ?’

‘ನೀನೇ ಕಣೇ! ಮೈಕಲ್ಲಿ! ಮೆಣಸು ಎಲ್ಲಿ?’

‘ನಿಮ್ಮ ಹತ್ರ…’

‘ನನ್ನ ಹತ್ರ ಎಲ್ಲಿದೆ? ಬೆಳಿಗ್ಗೆಯಿಂದ ಬಂದೇ ಇಲ್ಲ. ಕೇಳು, ಕೇಳಿಲ್ಲಿ!’

ಆಕೆ ಕಿವಿಗೊಟ್ಟಳು. ಎಷ್ಟೋ ತಿಂಗಳ ಮೇಲೆ ಆ ದನಿ ಆಕೆಯ ಕಿವಿಯೊಳಗೆ ಇಳಿಯಿತು.

‘ಪ್ರಯಾಣಿಕರು ದಯವಿಟ್ಟು ಗಮನಿಸಿ. ಹಳದಿ, ಬಣ್ಣದ ಅಂಗಿ ತೊಟ್ಟ, ಹೆಣ್ಣು ಮಗು, ವಿಚಾರಣಾ ಕೊಠಡಿಯಲ್ಲಿದೆ. ತಾಯಿ, ದಯವಿಟ್ಟು ಬಂದು ಕರೆದುಕೊಂಡು ಹೋಗಬೇಕು.’

ನಗುತ್ತಿತ್ತು ಆ ದನಿ.

ಆಕೆ ಹೇಗೆ ಮೆಟ್ಟಿಲಿಳಿದಳು, ರಸ್ತೆ ಹೇಗೆ ದಾಟಿದಳು ಎಂಬುದು ಆಕೆಗೆ ನೆನಪಿಲ್ಲ. ಬರಿಗಾಲಿನಲ್ಲಿದ್ದಳು. ಬಟ್ಟೆ ಸೊಂಟದವರೆಗೆ ಒದ್ದೆ, ಮೊಣಕೈ ತನಕ ಸೋಪಿನ ನೊರೆ. ನಿಲ್ದಾಣದ ಬಸ್ಸುಗಳು ತಿರುಗುವ ಜಾಗದಲ್ಲಿ ಒಬ್ಬ ಚಾಲಕ ಬ್ರೇಕ್ ಒತ್ತಿ ಬಾಯಿಗೆ ಬಂದಂತೆ ಬೈದ. ಅದೇ ಜಾಗವನ್ನು ಮೆಣಸು ಒಬ್ಬಳೇ ದಾಟಿದ್ದಳು.

ವಿಚಾರಣಾ ಕೊಠಡಿಯಲ್ಲಿ ಆಕೆಯ ಕಾಲದವರು ಯಾರೂ ಉಳಿದಿರಲಿಲ್ಲ. ಕೌಂಟರಿನ ಹಿಂದೆ ಹೊಸಬಳೊಬ್ಬಳು, ಇಪ್ಪತ್ತೈದು ದಾಟಿರಲಾರದ ಗುಮಾಸ್ತೆ. ಪಕ್ಕದ ಬೆಂಚಿನಲ್ಲಿ ಮೆಣಸು ಬಿಸ್ಕತ್ತು ಹಿಡಿದು ಕೂತಿದ್ದಳು. ಎಡಗಾಲಿನ ಬೂಟು ಬಲಗಾಲಿನಲ್ಲಿತ್ತು. ಮೈ ಮೇಲೆ ಒಂದು ಗೀರೂ ಇರಲಿಲ್ಲ.

‘ಮೆಣಸೂ, ಬಾ.’

ಮೆಣಸು ಏಳಲಿಲ್ಲ.

‘ಒಂದು ನಿಮಿಷ ಇರಿ’ ಎಂದಳು ಗುಮಾಸ್ತೆ. ‘ಪುಟ್ಟಿ, ಇವರು ಯಾರು?’

ಮಗುವನ್ನು ಒಪ್ಪಿಸುವ ಮುಂಚೆ ಮಗುವನ್ನೇ ಕೇಳಬೇಕು ಎಂಬ ಪದ್ಧತಿ ಮೈಕ್ ಮೇಡಂ ಕಾಲದ್ದೇ. ಒಮ್ಮೆ ತಾಯಿಯೊಂದಿಗೆ ಜಗಳವಾಡಿಕೊಂಡ ಮನೆಯವರು ಅವಳಿಗೆ ತಿಳಿಸದೆ ಮಗುವನ್ನು ಎತ್ತಿಕೊಂಡು ಹೋದಾಗಿನಿಂದ, ಮಗು ಬಾಯಿ ಬಿಟ್ಟು ಹೇಳುವವರೆಗೆ ಬಿಡಬಾರದು ಎಂದು ಹಟ ಹಿಡಿದವಳು ಆಕೆ.

‘ಈ ಅಮ್ಮ’ ಎಂದಳು ಮೆಣಸು.

‘ನಿಮ್ಮಮ್ಮಾನಾ?’

ಮೆಣಸು ಬಿಸ್ಕತ್ತು ಕಚ್ಚಿ ಯೋಚಿಸಿದಳು. ‘ಇವ್ರು ಮನೇಲಿರೋರು. ಆ ಅಮ್ಮ ಬರ್ತಾಳೆ. ನನ್ನ ಅಂಗಿ ಹಳದಿ ಅಂತ ಅವಳಿಗೆ ಗೊತ್ತು. ಕರ್ಕೊಂಡು ಹೋಗಬೇಕು ಅಂತ ಹೇಳಿದ್ಲು.’

ಗುಮಾಸ್ತೆಯ ಮುಖ ಬದಲಾಯಿತು. ಅವಳು ಒದ್ದೆ ಬಟ್ಟೆಯನ್ನು ನೋಡಿದಳು, ನೊರೆಯ ಕೈ ನೋಡಿದಳು. ಬೆಂಚನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

‘ನೀವು ಅವರ ಮನೆ ಕೆಲಸದವರಾ?’

‘ನಾನು ಅವಳ ತಾಯಿ.’

‘ಮಗು ಬೇರೆ ಹೇಳ್ತಿದೆಯಲ್ಲ. ಮನೆಯವರಿಗೆ ಫೋನ್ ಮಾಡಿಸಿ.’

ಗಂಡನಿಗೆ ಫೋನ್ ಹೋಗಲಿಲ್ಲ. ಲಿಫ್ಟಿನ ಸಂದಿಯಲ್ಲಿ ಸಿಗ್ನಲ್ ಇರುವುದಿಲ್ಲ. ಟೈಲರಮ್ಮ ಆ ಮಂಡಿಯಲ್ಲಿ ಬರಲು ಎಷ್ಟು ಹೊತ್ತೋ. ಆಕೆ ಕೌಂಟರಿನ ಅಂಚು ಹಿಡಿದುಕೊಂಡಳು.

‘ಆ ಅಮ್ಮ ಅಂತಿದಾಳಲ್ಲ, ಅದೂ ನಾನೇ. ಈಗ ಮೈಕಲ್ಲಿ ಬಂತಲ್ಲ, ಅದು ನನ್ನ ದನಿ.’

ಆಕೆಯ ಗಂಟಲು ಓಡಿ ಓಡಿ ಒಣಗಿತ್ತು. ಮಾತು ಕೆರೆದುಕೊಂಡು ಬಂತು. ಗುಮಾಸ್ತೆಗೆ ಈಗ ಅನುಮಾನದ ಜೊತೆ ಕನಿಕರವೂ ಬಂದಂತಿತ್ತು.

‘ಅದು ಟೀವಿಯಲ್ಲಿ ವಾರ್ತೆ ಓದೋರ್ದಂತೆ ಅಕ್ಕ. ನಮ್ಮ ಸಾಹೇಬ್ರು ಹೇಳಿದಾರೆ. ನೀವು ಕೂತ್ಕೊಳ್ಳಿ, ನೀರು ಕುಡೀರಿ.’

‘ಯಂತ್ರ ಕೆಟ್ಟಾಗ ಬಳಸೋ ಮೈಕ್ ಇದೆಯಲ್ಲ. ಆ ಬಟ್ಟೆ ಮುಚ್ಚಿರೋದು. ಅದನ್ನ ಹಾಕಿ. ಸ್ವಿಚ್ಚು ಮೇಜಿನ ಕೆಳಗಿದೆ, ಬಲಗಡೆ.’

ಸ್ವಿಚ್ಚು ಅಲ್ಲೇ ಇತ್ತು. ಗುಮಾಸ್ತೆ ‘ನಂದೇನು ಗಂಟು ಹೋಗಲ್ಲ, ಹೇಳಿ ನೋಡೋಣ’ ಎಂದು ಬಟ್ಟೆ ತೆಗೆದಳು.

ಆಕೆ ಬಾಯಿ ತೆರೆದಳು. ಮೊದಲು ಬಂದದ್ದು ಕೆಮ್ಮು. ಇಡೀ ನಿಲ್ದಾಣ ಆ ಕೆಮ್ಮನ್ನು ಕೇಳಿತು. ಪ್ರಯಾಣಿಕರು ಎಂದಳು, ದನಿ ಸೀಳಿತು.

‘ಅವಳಿಗೆ ಬರಲ್ಲ’ ಎಂದಳು ಮೆಣಸು ಗುಮಾಸ್ತೆಗೆ.

ಮಗಳ ಮುಖ ನೋಡುತ್ತ ಆಕೆಗೆ ನಗಲು ಆಗಲಿಲ್ಲ. ಹಾಗಾಗಿ ಮೈಕನ್ನು ಹಿಡಿದು ಗೋಡೆಯ ಕಡೆ ತಿರುಗಿದಳು. ಗೋಡೆಗೆ ಸುಣ್ಣ ಬಳಿದು ಬಹಳ ಕಾಲವಾಗಿತ್ತು. ಅದನ್ನು ನೋಡುತ್ತ, ಹಿಂದೆ ಎಷ್ಟೋ ಸಲ ಮಾಡಿದ್ದಂತೆ, ತುಟಿಯನ್ನು ಎರಡು ಕಡೆಗೂ ಎಳೆದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅದು ಕೇಳಿಸುವುದಿಲ್ಲ.

‘ಪ್ರಯಾಣಿಕರು ದಯವಿಟ್ಟು ಗಮನಿಸಿ. ಹಳದಿ ಬಣ್ಣದ ಅಂಗಿ ತೊಟ್ಟ ಹೆಣ್ಣು ಮಗುವಿನ ತಾಯಿ ಬಂದಿದ್ದಾರೆ. ತಡವಾಗಿರುವುದಕ್ಕೆ ವಿಷಾದಿಸುತ್ತೇವೆ.’

ದನಿ ಚಾವಣಿಯ ಅಡಿಯಲ್ಲಿ ಹರಡಿ, ದೂರದ ಪ್ಲಾಟ್‌ಫಾರಂಗಳ ಸ್ಪೀಕರುಗಳಿಂದ ಒಂದೊಂದಾಗಿ ಹಿಂದಿರುಗಿತು. ಗುಮಾಸ್ತೆ ‘ಅಯ್ಯಯ್ಯೋ’ ಎಂದು ಬಾಯಿಗೆ ಕೈ ಹಿಡಿದಳು. ‘ಅಕ್ಕ, ನೀವೇನಾ! ನಾನು ದಿನಾ ನಿಮ್ಮ ಜೊತೆನೇ ಕೂತಿರ್ತೀನಿ!’

ಆಕೆ ತಿರುಗಿ ನೋಡಿದಾಗ ಮೆಣಸು ಬೆಂಚಿನ ಮೇಲೆ ಎದ್ದು ನಿಂತಿದ್ದಳು. ಮೊದಲು ಮೂಲೆಯ ಸ್ಪೀಕರನ್ನು ನೋಡಿದಳು, ಆಮೇಲೆ ತಾಯಿಯನ್ನು. ಬಿಸ್ಕತ್ತು ಕೈಯಿಂದ ಬಿದ್ದಿತ್ತು. ಅವಳು ಕಿರುಚಲಿಲ್ಲ. ಹುಟ್ಟಿದಾಗಿನಿಂದ ಕಿರುಚಿಯೇ ಅಭ್ಯಾಸವಿದ್ದ ಮಗು ಸದ್ದಿಲ್ಲದೆ ಅಳುವುದನ್ನು ತಾಯಿ ನೋಡಿದ್ದು ಅದೇ ಮೊದಲು.

‘ಆ ಅಮ್ಮ ಬರಲ್ವಾ?’

‘ನಾನೇ ಬಂದಿದೀನಲ್ಲ ಕಂದಾ.’

‘ನೀನಲ್ಲ.’

ಆದರೂ ಎತ್ತಿಕೊಂಡಾಗ ಒದೆಯಲಿಲ್ಲ. ಕತ್ತಿಗೆ ಕೈ ಹಾಕಲೂ ಇಲ್ಲ. ಹೇಗೆ ಹಿಡಿದರೆ ಹಾಗೆ ಇದ್ದಳು. ಗುಮಾಸ್ತೆ ಮತ್ತೆ ಏನನ್ನೂ ಕೇಳಲಿಲ್ಲ. ಹೊರಗೆ ಬೆಂಚುಗಳಲ್ಲಿ ಕೂತಿದ್ದವರು ಯಾರಿಗಾಗಿ ಈ ಘೋಷಣೆ ಎಂದು ಕತ್ತು ತಿರುಗಿಸಿ ನೋಡಿ, ತಮ್ಮ ಗಂಟುಮೂಟೆಗಳ ಕಡೆ ಮರಳಿದರು. ರಸ್ತೆಯ ಅರ್ಧದಲ್ಲಿ ಟೈಲರಮ್ಮ ಎದುರಾದಳು.

‘ಸಿಕ್ತಾ? ಸಿಕ್ತಾ ನನ್ನವ್ವ? ಬಾ ಇಲ್ಲಿ, ಕಳ್ಳಿ, ನಿನ್ನ ಕಾಲು ಮುರೀತೀನಿ!’ ಎಂದು ಮೆಣಸಿನ ಕೆನ್ನೆಗೆ ಮುತ್ತಿಟ್ಟಳು. ಮೆಣಸು ಕೆನ್ನೆ ಒರೆಸಿಕೊಳ್ಳಲಿಲ್ಲ. ಸಾಮಾನ್ಯವಾಗಿ ಒರೆಸಿಕೊಳ್ಳುತ್ತಾಳೆ.

ಸಂಜೆ ಗಂಡ ಬಂದು ವಿಷಯ ಕೇಳಿ ಬಾಗಿಲಿಗೆ ಮೇಲೊಂದು ಚಿಲಕ ಹೊಡೆದ. ಈ ಸಲ ತಮಾಷೆ ಮಾಡಲಿಲ್ಲ. ‘ಹೋಗು ಅಂತ ಯಾಕಂದೆ’ ಎಂದು ಕೇಳಲೂ ಇಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಆಕೆಗೆ ಅನ್ನಿಸಿತು.

ಸ್ಟೂಲು ಕಿಟಕಿಯ ಕೆಳಗಿನಿಂದ ಬಚ್ಚಲಿಗೆ ಹೋಯಿತು. ಎಳೆದುಕೊಂಡು ಹೋದದ್ದು ಮೆಣಸೇ. ಇರುವೆಯ ವರದಿ, ಬೂಟಿನ ವರದಿ ನಿಂತವು. ತಾಯಿಯ ಹತ್ತಿರವೂ ಅವು ಬರಲಿಲ್ಲ. ಆಕೆ ಬಯಸಿದ್ದು ಆಗಿತ್ತು. ಮನೆಯಲ್ಲಿ ಈಗ ಒಬ್ಬಳೇ ಅಮ್ಮ. ಒಂದು ದಿನ ತಲೆ ಬಾಚುವಾಗ ಮೆಣಸು ಒಂದೇ ಸಮ ಅಲುಗಾಡುತ್ತಿದ್ದಳು.

‘ನೆಟ್ಟಗೆ ಕೂರು ಅಂದ್ರೆ ಗೊತ್ತಾಗಲ್ವಾ?’

ಮೆಣಸು ನೆಟ್ಟಗೆ ಕೂತಳು. ಕನ್ನಡಿಯಲ್ಲಿ ತಾಯಿಯನ್ನು ನೋಡುತ್ತ ಕೇಳಿದಳು. ‘ಅಲ್ಲಿ ಎಲ್ರಿಗೂ ದಯವಿಟ್ಟು ಅಂತೀಯ. ನಂಗೆ ಯಾಕೆ ಅನ್ನಲ್ಲ?’

ತಾಯಿ ಬಾಚಣಿಗೆಯನ್ನು ಸಿಕ್ಕಿನಿಂದ ಬಿಡಿಸಿದಳು.

‘ದಯವಿಟ್ಟು ನೆಟ್ಟಗೆ ಕೂತ್ಕೋ’ ಎಂದಳು ತಾಯಿ.

‘ಹಂಗಲ್ಲ’ ಎಂದಳು ಮೆಣಸು. ಆಮೇಲೆ, ಪರವಾಗಿಲ್ಲ ಎನ್ನುವಂತೆ, ತಾನೇ ಜಡೆಯನ್ನು ಹಿಂದಕ್ಕೆ ತಂದುಕೊಟ್ಟಳು.

ಆಕೆಯ ಕಿವಿಗೆ ಮಾತ್ರ ಈಗ ಒಂದು ಘೋಷಣೆಯೂ ತಪ್ಪುವುದಿಲ್ಲ. ಅನ್ನ ಬಸಿಯುವಾಗ, ಹಾಸಿಗೆ ಕೊಡವುವಾಗ, ಪ್ರತಿಯೊಂದೂ ಕೇಳುತ್ತದೆ. ಅಂಗಿಯ ಬಣ್ಣ ಹೇಳಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಮೆಣಸು ಎಲ್ಲಿದ್ದಾಳೆ ಎಂದು ನೋಡುತ್ತಾಳೆ. ಮೆಣಸು ಅಲ್ಲೇ ಇರುತ್ತಾಳೆ.

ಇನ್ನೊಂದು ಬದಲಾವಣೆಯಾಗಿದೆ. ಸ್ಪೀಕರ್ ಶುರುವಾದ ಕೂಡಲೇ ಮೆಣಸು ಆಡುತ್ತಿದ್ದುದನ್ನು ಬಿಟ್ಟು ಎದ್ದು ಬರುತ್ತಾಳೆ. ಕೆಳಗೆ ಕೂತು ತರಕಾರಿ ಹೆಚ್ಚುತ್ತಿರುವ ತಾಯಿಯ ಗಂಟಲಿನ ಮೇಲೆ ಅಂಗೈ ಇಡುತ್ತಾಳೆ. ಆಕೆ ಚಾಕು ಬದಿಗಿಟ್ಟು ಅಲುಗಾಡದೆ ಕೂರುತ್ತಾಳೆ. ಹೊರಗೆ ದನಿ ಊರುಗಳ ಹೆಸರು ಹೇಳುತ್ತದೆ, ಅಂಕಿಗಳನ್ನು ಎತ್ತಿ ಇಳಿಸುತ್ತದೆ, ವಿಷಾದಿಸುತ್ತದೆ. ಅಂಗೈಯ ಕೆಳಗೆ ಗಂಟಲು ಮಿಸುಕುವುದಿಲ್ಲ.

‘ನೀನು ಮಾತಾಡ್ತಿಲ್ಲ’ ಎಂದಳು ಮೆಣಸು, ಮೊದಲ ಸಲ ಹಾಗೆ ಮಾಡಿದ ದಿನ.

‘ಇಲ್ಲ.’

‘ಹಂಗಾದ್ರೆ ಅವಳು ಸತ್ತೋಗಿದಾಳಾ?’

‘ಇಲ್ಲ ಕಂದಾ. ಕೆಲಸ ಬಿಟ್ಟಿದಾಳೆ.’

ಮೆಣಸು ಕೈ ತೆಗೆಯಲಿಲ್ಲ. ಹೊರಗೆ ಮುಂದಿನ ಬಸ್ಸಿಗಾಗಿ ದನಿ ಮತ್ತೆ ಶುರುವಾಗಿತ್ತು. ಇಬ್ಬರೂ ಅದು ಮುಗಿಯುವವರೆಗೆ ಕೇಳಿದರು.